ಕಮಿಷನರ್ ಸಾಹೇಬರ ಬಿಡುವಿಲ್ಲದ ಕೈಗಳು

ಮಾನ್ಯ ವಿಭಾಗೀಯ ಕಮಿಷನರ್ ಸಾಹೇಬರೇ,

ನಿಮ್ಮ ಕೈಗಳು ಹೇಗಿವೆ? ಅವುಗಳ ಕ್ಷೇಮಸಮಾಚಾರ ವಿಚಾರಿಸಿಕೊಂಡೇ ಮುಂದಿನ ಮಾತಿಗೆ ಹೋಗೋಣ ಎಂದುಕೊಂಡಿದ್ದೇನೆ. ಯಾಕೆಂದರೆ ನನ್ನ ದೂರು ಇರುವುದು ನಿಮ್ಮ ಮೇಲಲ್ಲ, ನಿಮ್ಮ ಕಚೇರಿಯ ಮೇಲಲ್ಲ, ರಾಜಧಾನಿ ಸುವದಲ್ಲಿ ಕೂತ ಸರ್ಕಾರದ ಮೇಲಂತೂ ಅಲ್ಲವೇ ಅಲ್ಲ. ನಿಮ್ಮ ಎರಡು ಕೈಗಳ ಮೇಲೆ. ಚಂಡಮಾರುತ ಬಂದುಹೋದ ಮೇಲೆ ನೀವು ನಮ್ಮೂರು ವುನಿತವೋಲಕ್ಕೆ ಮೂರು ಸಲ ದಯಮಾಡಿಸಿದ್ದೀರಿ. ಮೂರು ಸಲವೂ ನಾನು ಊರಿನ ಪರವಾಗಿ ತಿಮಿಂಗಿಲದ ಹಲ್ಲನ್ನು ನಿಮ್ಮ ಮುಂದೆ ಹಿಡಿದಿದ್ದೇನೆ. ಮೂರು ಸಲವೂ ಅದನ್ನು ಸ್ವೀಕರಿಸುವಷ್ಟು ಬಿಡುವು ನಿಮ್ಮ ಕೈಗಳಿಗೆ ಸಿಕ್ಕಿಲ್ಲ. ಇಡೀ ಒಂದು ವಿಭಾಗವನ್ನು, ಅದರ ದ್ವೀಪಗಳನ್ನು, ರಸ್ತೆಗಳನ್ನು, ಬಂದರುಗಳನ್ನು ಹೊತ್ತ ಕೈಗಳವು, ದಣಿದಿರುತ್ತವೆ, ಒಪ್ಪುತ್ತೇನೆ. ಆದರೆ ನಮ್ಮೂರಿನ ಹಂದಿಮಾಂಸದ ತಟ್ಟೆ ಮುಂದೆ ಬಂದಾಗ ಅವೇ ಕೈಗಳು ಎಷ್ಟು ಚುರುಕಾಗಿದ್ದವು ಎಂಬುದನ್ನು ಇಡೀ ಊರು ಕಣ್ಣಾರೆ ಕಂಡಿದೆ.

ನಾನು ಯಾರೆಂದು ನಿಮಗೆ ಚೆನ್ನಾಗಿ ಗೊತ್ತು. ಈ ಬಹಿರಂಗ ಪತ್ರವನ್ನು ಪತ್ರಿಕೆಯಲ್ಲಿ ಓದುವವರಿಗೆ ಗೊತ್ತಿರಲಿಕ್ಕಿಲ್ಲ. ನಾನು ಅಪಿಸಾಲೋಮೆ, ವುನಿತವೋಲದ ಮಾತುಗಾರ. ನಮ್ಮಲ್ಲಿ ದೊರೆಯಾದವರು ಸಭೆಯಲ್ಲಿ ತಾವಾಗಿ ಬಾಯಿ ತೆರೆಯುವುದಿಲ್ಲ. ಅವರ ಮಾತನ್ನು ಹೊರಗಿನವರಿಗೂ ಹೊರಗಿನವರ ಮಾತನ್ನು ಅವರಿಗೂ ಮುಟ್ಟಿಸುವುದು ನಮ್ಮ ಮನೆತನದ ಕೆಲಸ. ಅಪ್ಪ ಮಾಡಿದ, ಅಜ್ಜ ಮಾಡಿದ, ಈಗ ಮಂಡಿನೋವಿನೊಂದಿಗೆ ನಾನು ಮಾಡುತ್ತಿದ್ದೇನೆ. ನಿಮ್ಮ ದ್ವೀಪದಲ್ಲಿ ನಿಮ್ಮ ಮನೆತನದ್ದೂ ಇದೇ ಕೆಲಸವಂತೆ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಪರದೇಶದಿಂದ ಬಂದ ಸಲಹೆಗಾರನೊಬ್ಬ ಹಲ್ಲನ್ನು ನೋಡಿ ‘ಆಹಾ, ಎಷ್ಟು ಚೆನ್ನಾಗಿದೆ’ ಎಂದು ಫೋಟೋ ಹಿಡಿದುಕೊಂಡು ಹೋದರೆ ನಕ್ಕು ಸುಮ್ಮನಾಗಬಹುದು. ತೊಟ್ಟಿಲಲ್ಲಿರುವಾಗಲೇ ಈ ಶಾಸ್ತ್ರವನ್ನು ಕೇಳಿ ಬೆಳೆದ ನೀವು, ನಿಮ್ಮ ವಿದ್ಯೆಯನ್ನೆಲ್ಲ ಇದರಿಂದ ತಪ್ಪಿಸಿಕೊಳ್ಳುವುದಕ್ಕೇ ಬಳಸಿದರೆ ಏನೆಂದು ಹೇಳಲಿ?

ನಿಮಗೆ ಗೊತ್ತಿರುವುದನ್ನೇ ಒಮ್ಮೆ ಹೇಳಿಬಿಡುತ್ತೇನೆ. ಗೊತ್ತಿರಲಿಲ್ಲ ಎಂದು ನಾಳೆ ನೀವು ಹೇಳುವ ಹಾಗಾಗಬಾರದಲ್ಲ. ಹಲ್ಲನ್ನು ಮುಂದೆ ಹಿಡಿದು ಒಂದು ಬೇಡಿಕೆ ಇಟ್ಟಾಗ, ಅದನ್ನು ಕೈಗೆ ತೆಗೆದುಕೊಂಡವರು ಆ ಬೇಡಿಕೆಯನ್ನು ನಡೆಸಿಕೊಡಲೇಬೇಕು. ಸಹಿ ಬೇಡ, ಸಾಕ್ಷಿ ಬೇಡ, ಮೊಹರು ಬೇಡ. ಆಗುವುದಿಲ್ಲವೆಂದರೆ ಅಲ್ಲೇ, ಎಲ್ಲರ ಎದುರಿಗೆ, ‘ಇದು ನನ್ನಿಂದ ಆಗದು’ ಎಂದು ಹೇಳಿ ಹಲ್ಲನ್ನು ಹಿಂದಕ್ಕೆ ಕೊಡಬೇಕು. ಅದಕ್ಕೂ ಗುಂಡಿಗೆ ಬೇಕು, ಹಾಗೆ ಹೇಳಿದವರನ್ನು ನಾವು ಬೈದುಕೊಂಡರೂ ಗೌರವಿಸುತ್ತೇವೆ. ನಮ್ಮ ಹಿರಿಯರಿಗೆ ಗೊತ್ತಿದ್ದದ್ದು ಈ ಎರಡೇ ದಾರಿ. ಮೂರನೆಯದನ್ನು ಕಂಡುಹಿಡಿದ ಕೀರ್ತಿ ನಿಮ್ಮ ಕಚೇರಿಗೆ ಸಲ್ಲಬೇಕು: ಹಲ್ಲು ಎದುರಿಗೆ ಬಂದಾಗಲೆಲ್ಲ ಕೈಯಲ್ಲಿ ಇನ್ನೇನಾದರೂ ಇರುವಂತೆ ನೋಡಿಕೊಳ್ಳುವುದು. ಕಚೇರಿಯ ಭಾಷೆಯಲ್ಲಿ ಇದನ್ನೇ ‘ಪರಿಶೀಲನೆಯಲ್ಲಿದೆ’ ಎನ್ನುತ್ತಾರೆಂದು ಕಾಣುತ್ತದೆ.

ಅಷ್ಟಕ್ಕೂ ನಾವು ಕೇಳಿದ್ದೇನು? ವಿಮಾನ ನಿಲ್ದಾಣವೇ? ನಿಮ್ಮ ಕುರ್ಚಿಯೇ? ನಮ್ಮೂರಿನ ಆರೋಗ್ಯ ಕೇಂದ್ರದ ತಲೆಯ ಮೇಲೆ ಒಂದು ಸೂರು. ಅದು ಎರಡು ಕೋಣೆಯ ಕಟ್ಟಡ. ಒಂದರಲ್ಲಿ ನರ್ಸ್ ವಾಸೆವ ಸಿಸ್ಟರ್ ಇರುತ್ತಿದ್ದರು, ಇನ್ನೊಂದರಲ್ಲಿ ನಮ್ಮನ್ನು ನೋಡುತ್ತಿದ್ದರು. ಚಂಡಮಾರುತ ಅದರ ತಗಡುಗಳನ್ನು ಎತ್ತಿಕೊಂಡು ಹೋಗಿ ಲಗೂನಿನಲ್ಲಿ ಬಿಸಾಕಿತು. ಅಂದಿನಿಂದ ಸಿಸ್ಟರ್ ಚರ್ಚಿನ ಹಿಂದಿನ ಚಿಕ್ಕ ಕೋಣೆಯಲ್ಲಿ, ಹಾಡಿನ ಪುಸ್ತಕಗಳ ಕಪಾಟಿಗೂ ಪಾದ್ರಿಗಳ ಮಳೆಯಂಗಿಗೂ ನಡುವೆ, ಔಷಧದ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಾರೆ. ನಾವೇನು ಸುಮ್ಮನಿರಲಿಲ್ಲ. ಊರಿನ ಗಂಡಸರೆಲ್ಲ ಸೇರಿ ಒಂದೇ ವಾರದಲ್ಲಿ ಗರಿಯ ಸೂರು ಹೊದಿಸಿದೆವು. ಚೆನ್ನಾಗಿಯೇ ಇತ್ತು, ಒಂದು ಹನಿ ಸೋರುತ್ತಿರಲಿಲ್ಲ. ಇಲಾಖೆಯವರೊಬ್ಬರು ಬಂದು ಕತ್ತೆತ್ತಿ ನೋಡಿ, ಆರೋಗ್ಯ ಕೇಂದ್ರಕ್ಕೆ ಗರಿಯ ಸೂರು ನಿಯಮಬಾಹಿರ, ಹಲ್ಲಿ ಬೀಳುತ್ತದೆ ಎಂದು ಅದನ್ನು ಕೀಳಿಸಿದರು. ಈಗ ಸೂರಿಲ್ಲದ ಕಟ್ಟಡಕ್ಕೆ ಆಕಾಶವೇ ಬೀಳುತ್ತಿದೆ, ಅದು ನಿಯಮಬದ್ಧ.

ತಮಾಷೆಯೆಂದರೆ ತಗಡು ಇದೆ! ಪಟ್ಟಣದ ಬಂದರಿನ ಗೋದಾಮಿನಲ್ಲಿ ನಮ್ಮೂರಿನ ಹೆಸರು ಬರೆಸಿಕೊಂಡು ಕಟ್ಟುಕಟ್ಟಾಗಿ ಬಿದ್ದಿದೆ. ನಾನೇ ಹೋಗಿ ಮುಟ್ಟಿ ಬಂದಿದ್ದೇನೆ. ತಗಡು ನಮ್ಮದು, ಸಾಗಣೆ ನಮ್ಮದಲ್ಲ ಎಂದರು ಆರೋಗ್ಯದವರು. ದೋಣಿ ನಮ್ಮದು, ಆದರೆ ನರ್ಸಿನ ಮನೆ ಪರಿಹಾರ ಕಾರ್ಯದಲ್ಲಿ ಬರುವುದಿಲ್ಲ ಎಂದರು ದೋಣಿಯವರು. ನಮ್ಮ ಪುಟ್ಟ ದೋಣಿಗಳಲ್ಲಿ ಅಷ್ಟುದ್ದದ ತಗಡು ಹೇರಿದರೆ ಗಾಳಿಗೆ ಹಾರಿ ನಮ್ಮನ್ನೇ ಪಕ್ಕದ ದೇಶ ಟೊಂಗಕ್ಕೆ ಮುಟ್ಟಿಸುತ್ತದೆ. ಕೊನೆಗೆ ಗೋದಾಮಿನವನು ಪಾಪ, ಒಳ್ಳೆಯ ಮನುಷ್ಯ, ಗುಟ್ಟು ಬಿಟ್ಟುಕೊಟ್ಟ: “ತಾತ, ಇವ್ರ್ಯಾರೂ ಏನೂ ಮಾಡಕ್ಕಾಗಲ್ಲ. ಕಮಿಷನರ್ ಸಾಹೇಬ್ರು ಎರಡೂ ಇಲಾಖೆಯವ್ರನ್ನ ಕೂರಿಸ್ಕೊಂಡು ‘ತಗೊಂಡ್ ಹೋಗಿ’ ಅಂದ್ರೆ ಆಯ್ತು. ಅದಕ್ಕೇ ಅಲ್ವಾ ಆ ಕುರ್ಚಿ ಇರೋದು?” ನಿಮ್ಮ ಹುದ್ದೆಯ ಬಗ್ಗೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಸರ್ಕಾರದ ಯಾವ ಕೈಪಿಡಿಯಲ್ಲೂ ಕಂಡಿಲ್ಲ. ನಿಮಗೆ ಸ್ವಂತದ ಆಸ್ಪತ್ರೆಯಿಲ್ಲ, ಸ್ವಂತದ ಹಡಗಿಲ್ಲ, ಸ್ವಂತದ ರಸ್ತೆಯಿಲ್ಲ. ಇವೆಲ್ಲ ಇರುವವರನ್ನು ಒಂದು ಮೇಜಿನ ಸುತ್ತ ಕೂರಿಸಿ ಜಗಳ ಬಿಡಿಸುವುದೊಂದೇ ನಿಮ್ಮ ಕೆಲಸ. ಒಂದು ರೀತಿಯಲ್ಲಿ ನೀವೂ ಮಾತುಗಾರರೇ. ಆದರೆ ನಾನು ಮಾತಾಡಿದರೆ ಏನಾದರೊಂದು ಆಗುತ್ತದೆ.

ಈಗ ನನ್ನ ಮನೆಯ ಸಂಗತಿ. ನನ್ನ ಹೆಂಡತಿ ಅಕೆನೇತಳಿಗೆ ಸಕ್ಕರೆ ಕಾಯಿಲೆ. ಎಡಗಾಲಿನಲ್ಲಿ ಒಂದು ಹುಣ್ಣು. ವಾಸೆವ ಸಿಸ್ಟರ್ ನಮ್ಮೂರಿಗೆ ಬರುವ ಮೊದಲೇ ಅವಳ ಒಂದು ಬೆರಳು ಹೋಗಿತ್ತು. ಸಿಸ್ಟರ್ ಬಂದ ಮೇಲೆ ದಿನ ಬಿಟ್ಟು ದಿನ ಬೆಳಿಗ್ಗೆ ಅದನ್ನು ತೊಳೆದು, ಬೈದು, ಮುಲಾಮು ಹಚ್ಚಿ, ಮತ್ತೆ ಬೈದು, ಪಟ್ಟಿ ಕಟ್ಟುತ್ತಾರೆ. ಇನ್ನೊಂದು ಬೆರಳು ಹೋಗಿಲ್ಲ. ಈಗ ಇಲಾಖೆ ಹೇಳಿದೆ: ಕ್ರಿಸ್ಮಸ್ಸಿನೊಳಗೆ ವಾಸಯೋಗ್ಯ ಕಟ್ಟಡವಿಲ್ಲದಿದ್ದರೆ ಸಿಸ್ಟರನ್ನು ಕೊಲ್ಲಿಯಾಚೆಯ ಊರಿಗೆ ಕಳಿಸುತ್ತೇವೆ. ಕೊಲ್ಲಿ ನಕ್ಷೆಯಲ್ಲಿ ಬೆರಳಗಲ. ಗಾಳಿಯ ತಿಂಗಳುಗಳಲ್ಲಿ ಅದನ್ನು ದಾಟಲು ನಮ್ಮೂರಿನ ಗಟ್ಟಿಗರೂ ವಾರಗಟ್ಟಲೆ ಕಾಯುತ್ತಾರೆ. ಹುಣ್ಣು ಕಾಯುವುದಿಲ್ಲ. ನನಗೆ ಭಯವಾಗಿದೆ ಸಾಹೇಬರೇ. ಸಭೆಯಲ್ಲಿ ಯಾರ ಮುಂದೆಯೂ ತಡವರಿಸದ ನಾನು, ಅವಳು ಬೆಳಿಗ್ಗೆ ಪಟ್ಟಿ ಬಿಚ್ಚಲು ಕಾಲು ಮುಂದೆ ಚಾಚಿದಾಗ ಬೇರೆ ಕಡೆ ನೋಡುತ್ತೇನೆ.

ಈ ಹಿನ್ನೆಲೆಯಲ್ಲಿ ನಿಮ್ಮ ಮೊದಲ ಭೇಟಿಯನ್ನು ನೆನಪಿಸಿಕೊಳ್ಳೋಣ. ಸಭಾಮನೆಯಲ್ಲಿ ಹೊಸ ಚಾಪೆ ಹಾಸಿದ್ದೆವು. ಯಂಗೋನ ಬೇರಿನ ಪಾನಕ ಕಲಸಿ, ತೆಂಗಿನ ಚಿಪ್ಪಿನಲ್ಲಿ ಮೊದಲ ಪಾಲು ನಿಮಗೇ ಕೊಟ್ಟೆವು, ನೀವು ಒಂದೇ ಗುಟುಕಿಗೆ ಮುಗಿಸಿ ಚಪ್ಪಾಳೆ ತಟ್ಟಿದಿರಿ. ಆಮೇಲೆ ನಾನು ಬುಟ್ಟಿಯಿಂದ ಹಲ್ಲನ್ನು ತೆಗೆದು, ಮಂಡಿಯೂರಿ, ಎರಡೂ ಕೈಯಲ್ಲಿ ಹಿಡಿದು, ನಿಮ್ಮ ದ್ವೀಪಕ್ಕೆ, ನಿಮ್ಮ ದೊರೆಗೆ, ನಿಮ್ಮ ಕುಲಕ್ಕೆ, ನಿಮ್ಮ ಮೂಲಮನೆಯ ಅಡಿಪಾಯಕ್ಕೆ ಒಂದೊಂದಾಗಿ ವಂದನೆ ಹೇಳಲು ಶುರುಮಾಡಿದೆ. ಅದನ್ನು ಹೇಳದೆ ಬೇಡಿಕೆ ಇಡುವುದು ಮರ್ಯಾದೆಯಲ್ಲ. ಅಡಿಪಾಯದ ಹತ್ತಿರ ಬಂದಿದ್ದೆ, ನೀವು ತಟ್ಟನೆ ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟಿರಿ. “ಕ್ಷಮಿಸ್ಬೇಕು, ಸುವದಿಂದ, ಅರ್ಜೆಂಟು” ಎಂದು ಹೊರಗೆ ಹೋದಿರಿ. ನಿಮ್ಮ ಪರವಾಗಿ ಕೈ ಚಾಚಬೇಕಾಗಿದ್ದ ನಿಮ್ಮ ಸಹಾಯಕ ಅಧಿಕಾರಿ ತಕ್ಷಣ ಬಗ್ಗಿ ಶೂಗಳ ಲೇಸು ಕಟ್ಟಲು ತೊಡಗಿದರು. ಶೂಗಳು ಬಾಗಿಲ ಹೊರಗಿದ್ದವು. ಇನ್ನು ಫೋನಿನ ವಿಷಯ. ನಮ್ಮೂರಿನಲ್ಲಿ ಸಿಗ್ನಲ್ ಸಿಗುವುದು ಒಂದೇ ಕಡೆ, ದಂಡೆಯ ಆ ತುದಿಯ ಹಲಸುಜಾತಿಯ ಮರದ ಕೆಳಗೆ, ಅದೂ ಒಂದು ಕೊಂಬೆಯನ್ನು ಹಿಡಿದುಕೊಂಡು ನಿಂತರೆ. ಸಭಾಮನೆಯ ಮೆಟ್ಟಿಲಲ್ಲಿ ನಿಂತು ನೀವು ಅಷ್ಟು ಹೊತ್ತು ಯಾರೊಡನೆ ಮಾತಾಡಿದಿರಿ?

ಅಂದು ಸಂಜೆ ಅಕೆನೇತ ಕೇಳಿದಳು: “ಸಾಹೇಬ್ರು ಯಾರ್ ಹತ್ರ ಮಾತಾಡಿದ್ದಂತೆ?”

“ಸುವದೋರ್ ಹತ್ರ.”

“ಅಷ್ಟ್ ಜೋರಾಗ್ ಕಿರುಚಿದ್ರಲ್ಲ, ಫೋನ್ ಇಲ್ದೇನೂ ಸುವಕ್ಕೆ ಕೇಳ್ಸಿರತ್ತೆ ಬಿಡಿ.”

ಎರಡನೆಯ ಸಲ ನೀವು ಬಂದಾಗ ನಿಮ್ಮ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಜೋತುಬಿದ್ದಿತ್ತು. ಊರಿಗೆ ಊರೇ ಅಯ್ಯೋ ಎಂದಿತು. ಹೆಂಗಸರು ನಿಮಗೆ ದಿಂಬು ತಂದುಕೊಟ್ಟರು. ಹಲ್ಲನ್ನು ಒಂದು ಕೈಯಲ್ಲಿ ತೆಗೆದುಕೊಳ್ಳುವುದು ಅವಮಾನವಾದ್ದರಿಂದ, ನೋವಿರುವ ಅತಿಥಿಯ ಮುಂದೆ ಅದನ್ನು ಹಿಡಿಯುವುದೂ ತರವಲ್ಲ ಎಂದು ನಾನೇ ಬುಟ್ಟಿ ಮುಚ್ಚಿದೆ. ಆದರೂ ಮುಚ್ಚುವ ಮೊದಲು ನಿಮ್ಮ ಕಣ್ಣಿಗೆ ಬೀಳುವಲ್ಲಿ ಒಂದು ಗಳಿಗೆ ಹಲ್ಲನ್ನು ಹಿಡಿದಿದ್ದೆ, ನೀವು ಆ ಕೈಯನ್ನು ಸವರಿಕೊಂಡು ನಿಟ್ಟುಸಿರು ಬಿಟ್ಟಿದ್ದಿರಿ. ಊಟ ಬಂತು. ಭೂಮಿಯೊಲೆಯಲ್ಲಿ ಬೆಂದ ಹಂದಿ, ಕೆಸುವಿನ ಗೆಡ್ಡೆ, ತೆಂಗಿನಹಾಲಿನಲ್ಲಿ ಬೆಂದ ಸೊಪ್ಪು. ಊಟ ಮುಗಿದ ಮೇಲೆ ವಾಸೆವ ಸಿಸ್ಟರ್ ನಿಮ್ಮ ಹತ್ತಿರ ಬಂದು ಕೂತರು.

“ಏನಾಯ್ತು ಸಾಹೇಬ್ರೆ ಕೈಗೆ?”

“ಬಿದ್ಬಿಟ್ಟೆ ಸಿಸ್ಟರ್. ಡಾಕ್ಟ್ರು ಅಲ್ಲಾಡಿಸ್ಲೇಬೇಡಿ ಅಂದಿದಾರೆ.”

“ಯಾವ್ ಕೈ ಅಲ್ಲಾಡಿಸ್ಬೇಡಿ ಅಂದ್ರು?”

“ಇದೇ, ಈ ಕೈ.”

“ಬಂದಾಗ ಬಲಗೈ ಕಟ್ಟಿತ್ತು. ಊಟ ಆದ್ಮೇಲೆ ಎಡಗೈ ಕಟ್ಟಿದೆ. ನೋವು ಹಿಂಗೆ ಕೈಯಿಂದ ಕೈಗೆ ಓಡಾಡೋದನ್ನ ನಾನು ಇಷ್ಟು ವರ್ಷದಲ್ಲಿ ನೋಡೇ ಇಲ್ಲ ಸಾಹೇಬ್ರೆ. ಒಂದ್ ನಿಮಿಷ ಬಿಚ್ಚಿ, ಕಲ್ತ್ಕೋತೀನಿ.”

ನೀವು ಬಿಚ್ಚಲಿಲ್ಲ. ಉಬ್ಬರ ಇಳಿಯುತ್ತಿದೆ, ಹೊರಡಬೇಕು ಎಂದಿರಿ. ದೋಣಿ ದೂರವಾದಾಗ ಎರಡೂ ಕೈಯೆತ್ತಿ ಬೀಸಿದಿರಿ. ಎರಡೂ ಚೆನ್ನಾಗಿ ಬೀಸಿದವು. ಊರಿನವರಿಗೆ ಎಷ್ಟು ಸಮಾಧಾನವಾಯಿತೆಂದರೆ ನಗು ತಡೆಯಲಾಗದೆ ದಂಡೆಯ ಮೇಲೆ ಕೂತುಬಿಟ್ಟರು. ನಾನು ಮಾತ್ರ ನಗಲಿಲ್ಲ. ಒಬ್ಬ ಮಾತುಗಾರ ಎರಡು ಸಲ ಬುಟ್ಟಿಯಿಂದ ಹೊರತೆಗೆದ ಹಲ್ಲನ್ನು ಎರಡು ಸಲವೂ ಹಾಗೇ ಒಳಗಿಡುವುದೆಂದರೆ ಅಕ್ಕಪಕ್ಕದ ಊರುಗಳಲ್ಲಿ ನನ್ನ ಮರ್ಯಾದೆ ಏನಾಗಿರಬೇಡ? ಕೆಳಗಿನೂರಿನ ಮಾತುಗಾರ ಈಗ ನನ್ನನ್ನು ಕಂಡರೆ ಎರಡೂ ಕೈಯನ್ನು ಕಂಕುಳಿಗೆ ಸೇರಿಸಿಕೊಂಡು ‘ಬುಲ’ ಎಂದು ನಮಸ್ಕಾರ ಹೇಳುತ್ತಾನೆ.

ಮೂರನೆಯ ಭೇಟಿಗೆ ಮೊದಲು ನಮ್ಮ ದೊರೆ ತೀರಿಕೊಂಡರು. ವಯಸ್ಸಾಗಿತ್ತು, ಮಲಗಿದಲ್ಲೇ ಹೋದರು. ಅವರ ಮಾತನ್ನು ಆಡಿಯೇ ನನ್ನ ಗಂಟಲು ದಪ್ಪವಾದದ್ದು, ಈಗ ಯಾರ ಮಾತು ಆಡಲಿ ಎಂದು ಬಹಳ ದಿನ ತೋಚಲಿಲ್ಲ. ನಮ್ಮ ಪದ್ಧತಿಯಂತೆ ಅವರ ಹೆಸರಿನಲ್ಲಿ ದಂಡೆಯ ಬಲಭಾಗದ ಹವಳದ ನೀರನ್ನು ಸೂತಕಕ್ಕೆ ಮುಚ್ಚಿದೆವು. ಅಲ್ಲಿ ಯಾರೂ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ, ದೋಣಿ ನಿಲ್ಲಿಸುವಂತಿಲ್ಲ. ನೀರಿನಲ್ಲಿ ಕಂಬ ನೆಟ್ಟು ನಾರುಬಟ್ಟೆಯ ಪಟ್ಟಿ ಕಟ್ಟಿದ್ದೆವು. ಸೂತಕ ಕಳೆದು ಅದನ್ನು ತೆರೆಯುವವರೆಗೆ ನಮ್ಮೂರಿನ ಚಿಕ್ಕ ಮಕ್ಕಳೂ ಆ ಕಡೆ ಕಲ್ಲೆಸೆಯುವುದಿಲ್ಲ.

ನೀವು ಬರುತ್ತೀರೆಂದು ಸುದ್ದಿ ಬಂದಾಗ ನಾನು ಎಡಭಾಗದಲ್ಲಿ, ದೋಣಿಗಳು ಒಳಗೆ ಬರುವ ದಾರಿಯಲ್ಲೇ, ಬುಟ್ಟಿ ಹಿಡಿದು ನಿಂತೆ. ದಾರಿ ಇರುವುದು ಒಂದೇ, ಈ ಸಲ ಎಲ್ಲಿಗೆ ಹೋಗುತ್ತಾರೆ ನೋಡೋಣ ಎಂದುಕೊಂಡಿದ್ದೆ. ನೀವು ದೂರದಿಂದಲೇ ನನ್ನನ್ನು ಕಂಡಿರಿ. ನಿಮ್ಮ ದೋಣಿ ನಡೆಸುವ ಲೆಪಾನಿಗೆ ಏನೋ ಹೇಳಿದಿರಿ. ದೋಣಿ ತಿರುಗಿತು. ಬಲಕ್ಕೆ ಬಂತು, ಕಂಬವನ್ನು ದಾಟಿತು, ಲಂಗರು ಬಿತ್ತು. ನೀವು ಎದ್ದುನಿಂತಿರಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಧ್ವನಿವರ್ಧಕ! ಅದರೊಳಗಿಂದ ನಮ್ಮೂರಿನ ಮೇಲೆ ನಿಮ್ಮ ಭಾಷಣ ಶುರುವಾಯಿತು: “ವುನಿತವೋಲದ ಮಹಾಜನರೇ, ನಿಮ್ಮ ಬೇಡಿಕೆ ಸರ್ಕಾರದ ಗಮನದಲ್ಲಿದೆ...”

ನನಗೆ ರೇಗಿತು. ಮುಚ್ಚಿದ ನೀರು, ನೀವು ಬರಬಾರದಾಗಿತ್ತು. ಅದು ಗೊತ್ತಿಲ್ಲದೆ ಬಂದಿದ್ದೀರಿ, ಎಚ್ಚರಿಸಬೇಕು ಎಂಬುದು ನನ್ನ ಮೊದಲ ಯೋಚನೆಯಾಗಬೇಕಿತ್ತು. ಆಗಲಿಲ್ಲ. ಗಡಿಯ ಕಂಬದವರೆಗೂ ನೀರಿಗಿಳಿದು, ಎದೆಮಟ್ಟ ನಿಂತು, ಹಲ್ಲನ್ನು ತಲೆಯ ಮೇಲೆತ್ತಿ ಹಿಡಿದು, ನಿಮ್ಮ ದ್ವೀಪಕ್ಕೆ ವಂದನೆ ಹೇಳತೊಡಗಿದೆ. ನೀವು ಧ್ವನಿವರ್ಧಕದಲ್ಲಿ, ನಾನು ಬರೀ ಬಾಯಲ್ಲಿ. ದಂಡೆಯ ಮೇಲೆ ಕಾಲನ್ನು ಮಣೆಯ ಮೇಲಿಟ್ಟುಕೊಂಡು ಕೂತಿದ್ದ ಅಕೆನೇತ ಕೂಗಿದಳು: “ರೀ, ಮೊದ್ಲು ತಗಡಿನ್ ವಿಷ್ಯ ಹೇಳ್ರೀ! ಅವ್ರಜ್ಜನ ಮನೆ ಅಡಿಪಾಯ ಆಮೇಲ್ ನೋಡ್ಕೊಳ್ಳಣ!”

ಜನ ಬಿದ್ದುಬಿದ್ದು ನಗುತ್ತಿದ್ದರು. ಇದ್ದಕ್ಕಿದ್ದಂತೆ ನಗು ನಿಂತಿತು. ನಿಮ್ಮ ಭಾಷಣ ಕೇಳಿ ಬೇಸತ್ತ ನಿಮ್ಮ ಸಿಬ್ಬಂದಿಯೊಬ್ಬ ದೋಣಿಯ ಹಿಂಭಾಗದಲ್ಲಿ ಸುಮ್ಮನೆ ಗಾಳ ಇಳಿಬಿಟ್ಟಿದ್ದ. ದೊಡ್ಡದೊಂದು ಮೀನು ಬೆಳ್ಳಗೆ ಹೊಳೆಯುತ್ತ ಮೇಲೆ ಬಂತು. ನಮ್ಮ ದೊರೆಯ ನೀರಿನ ಮೀನು. ಲೆಪಾನಿ ಆಗಷ್ಟೇ ಹಿಂದಕ್ಕೆ ತಿರುಗಿ ಕಂಬವನ್ನು ನೋಡಿದ. “ಸಾಹೇಬ್ರೆ,” ಎಂದ, ಧ್ವನಿವರ್ಧಕ ಇನ್ನೂ ಚಾಲೂ ಇದ್ದುದರಿಂದ ಇಡೀ ಊರಿಗೆ ಕೇಳಿಸಿತು, “ಸಾಹೇಬ್ರೆ, ಬಟ್ಟೆ ಕಟ್ಟವ್ರೆ. ಇದು ಸೂತಕದ್ ನೀರು.”

ಆಗ ನಿಮ್ಮ ಕೈಯಿಂದ ಕೊಡೆ ಜಾರಿತು. ಧ್ವನಿವರ್ಧಕವೂ ಬಿತ್ತು. ಸಾಹೇಬರೇ, ನಮ್ಮೂರಿನ ಹಲ್ಲಿನ ಎದುರು ನಿಮ್ಮ ಎರಡೂ ಕೈ ಖಾಲಿಯಾಗಿದ್ದು ಅದೇ ಮೊದಲು. ನಾನು ಎರಡು ಮಾರು ಮುಂದೆ ಬಂದಿದ್ದರೆ ಸಾಕಿತ್ತು, ಹಲ್ಲು ನಿಮ್ಮ ಅಂಗೈಯಲ್ಲಿರುತ್ತಿತ್ತು. ಆದರೆ ಅಷ್ಟರಲ್ಲಿ ನಾನು ಅದನ್ನು ಎದೆಗೆ ಒತ್ತಿಕೊಂಡು ಬಟ್ಟೆಯಲ್ಲಿ ಮುಚ್ಚಿದ್ದೆ. ಸತ್ತ ದೊರೆಗೆ ಅಪಚಾರ ನಡೆದ ಗಳಿಗೆಯಲ್ಲಿ ಬೇಡಿಕೆ ಕೇಳುವವನು ಮಾತುಗಾರನಲ್ಲ, ಬೇಟೆಗಾರ. ನೀವು ನನ್ನ ಮುಖ ನೋಡಿದಿರಿ, ನಾನು ನಿಮ್ಮ ಮುಖ ನೋಡಿದೆ. ನಿಮ್ಮ ಮುಖದಲ್ಲಿ ಕಮಿಷನರ್ ಇರಲಿಲ್ಲ. ಬೈಸಿಕೊಳ್ಳಲಿರುವ ಒಬ್ಬ ಹುಡುಗ ಇದ್ದ. ಒಂದು ಕ್ಷಣ ಪಾಪ ಅನಿಸಿತು, ಸುಳ್ಳೇಕೆ ಹೇಳಲಿ. ಮರುಕ್ಷಣ ನಿಮ್ಮ ಎಂಜಿನ್ನು ಆರ್ಭಟಿಸಿತು, ನೀವು ಕೊಲ್ಲಿಯ ಬಾಯಲ್ಲಿ ಚುಕ್ಕೆಯಾದಿರಿ. ಕೊಡೆ ನಮ್ಮಲ್ಲಿದೆ. ಒಣಗಿಸಿ ಇಟ್ಟಿದ್ದೇವೆ.

ಇಂಥ ಸುದ್ದಿಗೆ ಸಿಗ್ನಲ್ ಬೇಕಿಲ್ಲ. ಅದು ನಿಮಗಿಂತ ಮೊದಲೇ ನಿಮ್ಮ ದ್ವೀಪವನ್ನು ಮುಟ್ಟಿತು. ಮಾರನೆಯ ವಾರ ನಿಮ್ಮ ದೊಡ್ಡಪ್ಪನವರೇ ಫೋನು ಮಾಡಿದರು. ನಮ್ಮ ಊರಗೌಡ ಇಸೋವ ಮರದ ಕೊಂಬೆ ಹಿಡಿದುಕೊಂಡು ನಿಂತು ಮಾತಾಡಿದ, ನಾವೆಲ್ಲ ಸುತ್ತ ನಿಂತು ಕೇಳಿದೆವು. ನಿಮ್ಮ ದೊಡ್ಡಪ್ಪನವರು ಎಂದರು: “ನಮ್ ಹುಡುಗ ಅಲ್ಲಿ ಕಮಿಷನರ್ ಇರ್ಬೋದು ಗೌಡ್ರೆ, ನಿಮ್ ದೊರೆ ನೀರಲ್ಲಿ ಲಂಗರು ಹಾಕಿದ್ಮೇಲೆ ಅವ್ನು ನಮ್ಮನೆ ಹುಡುಗನೇ. ಕಿವಿ ಹಿಡ್ಕೊಂಡು ಕರ್ಕೊಂಡ್ ಬರ್ತೀವಿ. ಹಲ್ಲು ತರ್ತೀವಿ, ತಪ್ಪಾಯ್ತು ಅಂತೀವಿ. ನೀವು ದೊಡ್ಡ ಮನಸು ಮಾಡ್ಬೇಕು.” ಅಂದರೆ ಸಾಹೇಬರೇ, ಮುಂದಿನ ವಾರ ನಮ್ಮ ಸಭಾಮನೆಯಲ್ಲಿ ಹಲ್ಲು ಹಿಡಿದು ಮಂಡಿಯೂರುವವರು ನೀವು. ಅದನ್ನು ತೆಗೆದುಕೊಳ್ಳಬೇಕಾದ ಕೈ ನನ್ನದು.

ಆ ಸಂಜೆ ಯಂಗೋನದ ಬಟ್ಟಲಿನ ಸುತ್ತ ಕೂತ ನಮ್ಮ ಗಂಡಸರ ಸಂಭ್ರಮವನ್ನು ನೀವು ನೋಡಬೇಕಿತ್ತು. ಇಸೋವ ತೊಡೆ ತಟ್ಟಿಕೊಂಡ. “ಬರ್ಲಿ! ಅಪಿಸಾಲೋಮೆ ಅಣ್ಣ, ನಿನ್ ಒಂದ್ ಕೈಲಿ ಮರಗೆಣಸಿನ್ ಬುಟ್ಟಿ, ಇನ್ನೊಂದ್ ಕೈಲಿ ನಮ್ ಮೊಮ್ಮಗು.” ಇನ್ನೊಬ್ಬ ಎಂದ, “ಬೇಡ, ಅಣ್ಣನ್ ಎರಡೂ ಕೈಗೆ ಪಟ್ಟಿ ಕಟ್ಬಿಡಣ, ವಾಸೆವ ಸಿಸ್ಟರ್ ಚೆನ್ನಾಗ್ ಕಟ್ತಾರೆ.” ಮತ್ತೊಬ್ಬ ಎದ್ದು ಸಭಾಮನೆಯ ಮೆಟ್ಟಿಲಿಗೆ ಹೋಗಿ ಚಪ್ಪಲಿಯನ್ನು ಕಿವಿಗೆ ಹಿಡಿದು ಸುವದೊಡನೆ ಮಾತಾಡಿ ತೋರಿಸಿದ. ನಾನೂ ನಕ್ಕೆ. ನಕ್ಕದ್ದಷ್ಟೇ ಅಲ್ಲ, ಯಾವ ಕೈಯಲ್ಲಿ ಏನು ಹಿಡಿಯಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ತಗಡು ಬರುವವರೆಗೆ ಕ್ಷಮೆಯಿಲ್ಲ ಎಂದು ಎಲ್ಲರೂ ಒಪ್ಪಿದ ಹಾಗಾಗಿತ್ತು.

ಬಾಗಿಲ ಹತ್ತಿರ ಕೂತು ಚಾಪೆ ಹೆಣೆಯುತ್ತಿದ್ದ ಅಕೆನೇತ ತಲೆಯೆತ್ತದೆ ಕೇಳಿದಳು: “ಆಯ್ತಾ ನಿಮ್ ನಾಟಕ?”

ಮೆಟ್ಟಿಲಲ್ಲಿದ್ದವನು ಕಿವಿಯಿಂದ ಚಪ್ಪಲಿ ಇಳಿಸಿದ.

“ತಪ್ಪಾಯ್ತು ಅಂತ ಬಂದೋರ್ ಮುಂದೆ ಕೈ ಕಟ್ಕೊಂಡ್ ಕೂತ್ರೆ ಅವ್ರಿಗೂ ನಿಮಗೂ ಏನ್ರಪ್ಪಾ ವ್ಯತ್ಯಾಸ? ನಾಳೆ ನಮ್ ಮಕ್ಕಳು ಎಲ್ಲಾದ್ರೂ ತಪ್ಪು ಮಾಡಿ ಹಲ್ಲು ಹಿಡ್ಕೊಂಡ್ ಹೋದ್ರೆ ಯಾರ್ ತಗೋತಾರೆ?”

“ಅಕೆನೇತ, ನಿನ್ ಕಾಲಿಗೋಸ್ಕರನೇ ಕಣೆ ಇದೆಲ್ಲ,” ಎಂದೆ.

“ನನ್ ಕಾಲನ್ನ ಸತ್ತ ದೊರೆ ಸೂತಕದ್ ಜೊತೆ ಅಳತೆ ಹಾಕ್ಬೇಡಿ. ಅವ್ರ ಹಲ್ಲು ತಗೊಳ್ಳಿ. ಎರಡೂ ಕೈಲಿ ತಗೊಳ್ಳಿ, ಕಾಯಿಸ್ದೆ ತಗೊಳ್ಳಿ. ಕ್ಷಮಿಸ್ದೆ ಅನ್ನಿ, ಪೂರ್ತಿ ಕ್ಷಮಿಸಿ.” ಹೆಣಿಗೆಯ ಎಳೆಯನ್ನು ಹಲ್ಲಲ್ಲಿ ಕಚ್ಚಿ ಬಿಗಿದಳು. ಆಮೇಲೆ ಮೊದಲ ಸಲ ತಲೆಯೆತ್ತಿ ನನ್ನ ಕಡೆ ನೋಡಿದಳು. “ಅವ್ರು ಕೊಟ್ರು, ನೀವು ತಗೊಂಡ್ರಿ. ಈಗ ಅವ್ರ ಕೈಲಿ ಏನಿದೆ?”

ಸಭಾಮನೆ ಅದನ್ನು ಅರ್ಥಮಾಡಿಕೊಳ್ಳಲು ಒಂದು ಚಿಪ್ಪು ಯಂಗೋನ ಹಿಡಿಯಿತು. ಮೊದಲು ಇಸೋವ ನಕ್ಕ. ಆಮೇಲೆ ಮಾಡು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು.

ಹೀಗಾಗಿ ಸಾಹೇಬರೇ, ಈ ಪತ್ರ. ಮೋಸದಿಂದ ಹಿಡಿದರು ಎಂಬ ಮಾತು ನಿಮ್ಮ ಬಾಯಿಂದ ಬರಬಾರದು, ಅದಕ್ಕಾಗಿ ನಡೆಯಲಿರುವುದನ್ನೆಲ್ಲ ಮುಂಚಿತವಾಗಿ, ಬಹಿರಂಗವಾಗಿ ತಿಳಿಸುತ್ತಿದ್ದೇನೆ. ನೀವು ಬನ್ನಿ. ಎಡಗಡೆಯ ದಾರಿಯಲ್ಲೇ ಬನ್ನಿ. ನಿಮ್ಮ ದೊಡ್ಡಪ್ಪನವರೊಂದಿಗೆ ಕೂತು ನಿಮ್ಮ ಹಲ್ಲನ್ನು ಮುಂದೆ ಹಿಡಿಯಿರಿ. ನಾನು ಅದನ್ನು ತಕ್ಷಣ ತೆಗೆದುಕೊಳ್ಳುತ್ತೇನೆ. ದೊರೆಯ ಹೆಸರಿನಲ್ಲಿ ನಿಮ್ಮನ್ನು ಕ್ಷಮಿಸಲಾಗಿದೆ ಎಂದು ಹೇಳುತ್ತೇನೆ, ಅದರಲ್ಲಿ ಯಾವ ಷರತ್ತೂ ಇರುವುದಿಲ್ಲ. ನೀವು ಎದ್ದು ಹೋಗಿಬಿಟ್ಟರೂ ಆ ಕ್ಷಮೆ ಹಾಗೇ ಇರುತ್ತದೆ. ತಗಡು ಕೊಡದಿದ್ದರೂ ಇರುತ್ತದೆ. ಅದನ್ನು ನನ್ನ ಹೆಂಡತಿ ಕೊಡಿಸಿದ್ದಾಳೆ, ಅವಳು ಕೊಟ್ಟದ್ದನ್ನು ಹಿಂದಕ್ಕೆ ಕೇಳುವವಳಲ್ಲ.

ಅದು ಮುಗಿದಾಗ ನಿಮ್ಮ ಎರಡೂ ಕೈ ಖಾಲಿಯಾಗಿರುತ್ತವೆ, ಆಗ ನಾನು ನಮ್ಮ ಬುಟ್ಟಿಯನ್ನು ತೆರೆಯುತ್ತೇನೆ. ನಿಮ್ಮ ಫೋನು ಬಾಗಿಲಲ್ಲಿರುವ ಡಬ್ಬಿಯಲ್ಲಿರುತ್ತದೆ, ಅದಕ್ಕೆಂದೇ ಬಿಸ್ಕತ್ತಿನ ಡ್ರಮ್ಮೊಂದನ್ನು ತೊಳೆದಿಟ್ಟಿದ್ದೇವೆ. ನಿಮ್ಮ ಸಹಾಯಕರ ಶೂಗಳನ್ನು ಲೇಸು ಬಿಚ್ಚಿ ಬೇರೆ ಬೇರೆ ಮನೆಗಳಲ್ಲಿ ಇಡಲಾಗುವುದು. ಕೈಗೆ ನಿಜವಾಗಿ ಪೆಟ್ಟಾಗಿದ್ದರೆ ವಾಸೆವ ಸಿಸ್ಟರ್ ಅಲ್ಲೇ ಇರುತ್ತಾರೆ, ಸಂತೋಷದಿಂದ ಬಿಚ್ಚಿ ನೋಡುತ್ತಾರೆ. ವಂದನೆಯ ಮಾತನ್ನು ನಾನು ಮೊಟಕು ಮಾಡುವುದಿಲ್ಲ, ಅಡಿಪಾಯದವರೆಗೂ ಹೇಳಿಯೇ ಹೇಳುತ್ತೇನೆ. ಈ ಒಂದು ವಿಷಯದಲ್ಲಿ ಹೆಂಡತಿಯ ಮಾತನ್ನೂ ಕೇಳುವವನಲ್ಲ. ಆಮೇಲೆ ಬೇಡಿಕೆ ಇಡುತ್ತೇನೆ: ಎರಡು ಇಲಾಖೆಯವರನ್ನು ಕರೆಸಿ, ಗೋದಾಮಿನ ತಗಡನ್ನು ದೋಣಿಗೆ ಹೇರಿಸಿ, ಕ್ರಿಸ್ಮಸ್ಸಿಗೆ ಮೊದಲು ನಮ್ಮ ಸಿಸ್ಟರ್ ತಲೆಯ ಮೇಲೆ ಸೂರು ಬರುವಂತೆ ಮಾಡಿ. ತಗಡನ್ನು ಬಡಿಯುವ ಕೆಲಸ ನಮ್ಮದು.

ಆಗ ನೀವು ಏನಾದರೊಂದು ಹೇಳಬೇಕು. ನಾನು ಕೇಳುತ್ತಿರುವುದು ಇಷ್ಟೇ. ಆಗುತ್ತದೆ ಎನ್ನಿ, ಇಲ್ಲವೇ ಆಗುವುದಿಲ್ಲ ಎನ್ನಿ. ಗಮನದಲ್ಲಿದೆ ಎನ್ನಬೇಡಿ, ಪರಿಶೀಲನೆಯಲ್ಲಿದೆ ಎನ್ನಬೇಡಿ, ಸಂಬಂಧಪಟ್ಟವರಿಗೆ ತಿಳಿಸಲಾಗುವುದು ಎನ್ನಬೇಡಿ. ಸಂಬಂಧಪಟ್ಟವರು ಅಲ್ಲೇ ಕೂತಿರುತ್ತಾರೆ. ಸಭಾಮನೆಯಲ್ಲಿ ಅತಿಥಿಯ ಕಡೆಗೆ ಕಾಲು ಚಾಚಿ ಕೂರುವುದು ನಮ್ಮಲ್ಲಿ ಮಹಾಪರಾಧ, ನಿಮಗೆ ಗೊತ್ತು. ಅಂದು ಒಬ್ಬರಿಗೆ ಮಾತ್ರ ಊರು ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಅಕೆನೇತ ಮುಂದಿನ ಸಾಲಿನಲ್ಲಿ, ನಿಮಗೆ ಎದುರಾಗಿ, ಪಟ್ಟಿ ಕಟ್ಟಿದ ಎಡಗಾಲನ್ನು ಚಾಚಿಕೊಂಡು ಕೂತಿರುತ್ತಾಳೆ. ಹಲ್ಲನ್ನು ಹಿಂದಕ್ಕೆ ಕೊಡುವುದಾದರೆ ಆ ಕಾಲನ್ನು ನೋಡಿಕೊಂಡು ಕೊಡಿ. ತೆಗೆದುಕೊಳ್ಳುವುದಾದರೆ ಯಾರನ್ನೂ ನೋಡಬೇಕಾಗಿಲ್ಲ, ಕೈ ಚಾಚಿದರೆ ಸಾಕು.

ಇಂತಿ,
ಮಾತಿನಲ್ಲೇ ಬದುಕಿ, ಹೆಂಡತಿಯ ಒಂದು ಪ್ರಶ್ನೆಯಿಂದ ದಾರಿ ಕಂಡ
ಅಪಿಸಾಲೋಮೆ,
ವುನಿತವೋಲದ ಮಾತುಗಾರ